ಅಂಟಿನುಂಡಿಯ ಅಫಿಡವಿಟ್

ವಾಡಿ ಸ್ಟೇಷನ್ ರಸ್ತೆಯ ಆನ್‌ಲೈನ್ ಸೆಂಟರಿಗೆ ಶರಣಬಸಮ್ಮ ಬಂದಾಗ ಲುಂಬಿನಿ ಯಾರದೋ ಪಹಣಿ ಪ್ರಿಂಟ್ ತೆಗೆಯುತ್ತಿದ್ದಳು. ಕಣ್ಣೆತ್ತಿದವಳಿಗೆ ನೋಡಿದೊಡನೆ ಗುರುತು ಸಿಕ್ಕಿತು. ಅದೇ ಮೂಗು. ಮಾತಿಗೆ ಮುಂಚೆ ಒಂದು ಹುಬ್ಬನ್ನಷ್ಟೇ ಏರಿಸುವ ಅದೇ ಠೀವಿ. ಕಾಶೀನಾಥನ ತಾಯಿ.

ಅವನು ಕೊಲ್ಲಿ ದೇಶಕ್ಕೆ ಹೋಗಿ ಇಪ್ಪತ್ತು ದಿನವಾಗಿತ್ತು. ಒಂದು ಮೆಸೇಜಿಲ್ಲ. ವಿಮಾನ ಹತ್ತಿದವನಿಗೆ ವಾಡಿಯ ಹುಡುಗಿ ಯಾಕೆ ನೆನಪಾದಾಳೆಂದು ಮುನಿಸಿಕೊಂಡು, ಲುಂಬಿನಿ ಅವನ ನಂಬರನ್ನೇ ಅಳಿಸಿಬಿಟ್ಟಿದ್ದಳು. ಅಳಿಸಿದರೇನು, ಹತ್ತೂ ಅಂಕಿ ಬಾಯಿಪಾಠವಿದ್ದವು.

ಶರಣಬಸಮ್ಮ ಪಾಸ್‌ಪೋರ್ಟಿನ ಝೆರಾಕ್ಸ್ ಮೇಜಿನ ಮೇಲಿಟ್ಟಳು. "ಇದನ್ನ ಸರ್ಕಾರಕ್ಕ ಕಳಸವ್ವಾ. ನನ್ನ ಮಗನ್ನ ಅಲ್ಲಿ ಹಿಡದು ಇಟ್ಟಾರ."

ಜೊತೆಗೆ ಹೋದವರು ಫೋನ್ ಮಾಡಿ ಹೇಳಿದ್ದರು, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿದ್ದರಂತೆ. ಡಬ್ಬಿಯಲ್ಲಿ ಅಂಟಿನುಂಡಿ, ಉಂಡಿಯಲ್ಲಿ ಗಸಗಸೆ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಅಲ್ಲಿ ಅಮಲಿನ ಪದಾರ್ಥವಂತೆ.

ಲುಂಬಿನಿಯ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟವು. ಆ ಉಂಡಿ ಕಟ್ಟಿದವು ಅವೇ ಬೆರಳು. ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು ಏಣಿ ಹತ್ತಿ ಹತ್ತಿ ಬೆನ್ನು ಹಿಡಿದಿದೆ ಅಂದಿದ್ದ. ಅದಕ್ಕೇ ಬೆನ್ನಿಗೆ ಬಲ ಬರಲೆಂದು ತುಪ್ಪದಲ್ಲಿ ತಿನ್ನುವ ಅಂಟು ಹುರಿದು ಉಂಡಿ ಮಾಡಿ, ರೈಲು ಬಿಡುವಾಗ ಡಬ್ಬಿಯನ್ನು ಅವನ ಕೈಗೆ ತುರುಕಿದ್ದಳು. ಅವನು ಡಬ್ಬಿಯನ್ನು ನೋಡಿ, ಅವಳನ್ನು ನೋಡಿ, ಮತ್ತೆ ಡಬ್ಬಿಯನ್ನೇ ನೋಡಿದ್ದ. ಒಳಗೇನಿದೆ ಎಂದು ಕೇಳಿದ್ದಕ್ಕೆ ತಿಂದ ಮೇಲೆ ನೀವೇ ಹೇಳಿ ಎಂದಿದ್ದಳು. ಅಂದು ಅವರ ನಡುವೆ ಅಷ್ಟೇ ಮಾತು. ಪ್ರೀತಿ ಎಂಬ ಪದವನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಸಮುದ್ರದಾಚೆ ಸೆರೆಯಾದವನ ಸುದ್ದಿಯನ್ನು ಗಿಳಿ ತರುತ್ತಿತ್ತು. ಇಲ್ಲಿ ತಂದವರು ಆ ದೇಶದಲ್ಲಿದ್ದ ಭಾರತದ ಕಾನ್ಸುಲೇಟಿನ ಅಧಿಕಾರಿ ಅಲ್ಮಾಸ್ ಮೇಡಂ. ಅರ್ಜಿ ಹೋದ ನಾಲ್ಕನೆಯ ದಿನ ಶರಣಬಸಮ್ಮನ ಫೋನಿಗೆ ಕರೆ ಬಂತು. ಅವಳು ಅದನ್ನು ಹಿಡಿದುಕೊಂಡೇ ಸೆಂಟರಿಗೆ ಓಡಿ ಬಂದಳು.

ಮೇಡಂ ಜೈಲಿಗೆ ಹೋಗಿ ಅವನನ್ನು ನೋಡಿದ್ದರು. ಆರೋಗ್ಯವಾಗಿದ್ದಾನೆ. ಬಿಡಿಸಿ ತರುವುದು ತಮ್ಮ ಕೈಯಲ್ಲಿಲ್ಲ, ಆದರೆ ವಕೀಲರ ಪಟ್ಟಿ ಕೊಟ್ಟಿದ್ದೇವೆ, ವಿಚಾರಣೆಗೆ ದುಭಾಷಿ ಇರುವಂತೆ ನೋಡಿಕೊಳ್ಳುತ್ತೇವೆ ಎಂದರು. ತೊಡಕು ಒಂದೇ. ಉಂಡಿ ಮಾಡಿದ್ದು ತಾನೇ ಎಂದು ಅವನು ಹಟ ಹಿಡಿದಿದ್ದಾನೆ. ಹಾಗಾದರೆ ಒಳಗೇನಿದೆ ಎಂದು ಅವನಿಗೆ ತಿಳಿದಿರಲಿಲ್ಲವೆಂದು ವಕೀಲರು ವಾದಿಸುವುದು ಹೇಗೆ? ಮಾಡಿಕೊಟ್ಟವರು ಬೇರೆ ಇದ್ದರೆ ಪ್ರಮಾಣ ಮಾಡಿ ಬರೆದು ಕಳಿಸಬೇಕು.

ಫೋನಿಟ್ಟ ಮೇಲೆ ಶರಣಬಸಮ್ಮ ಕುರ್ಚಿಯಲ್ಲಿ ಕುಸಿದಳು. "ಚಹಾ ಕಾಸಾಕ ಬರಲ್ಲ ಅವಗ. ಉಂಡಿ ಕಟ್ಟತಾನಂತ, ಉಂಡಿ."

ಅವನ ಹಟ ಯಾಕೆಂದು ಲುಂಬಿನಿಗೆ ಗೊತ್ತಿತ್ತು. ಅವಳ ಓಣಿಗೂ ಅವನ ಓಣಿಗೂ ನಡುವೆ ಇರುವುದು ಒಂದು ರೈಲ್ವೆ ಗೇಟು. ಶರಣರ ವಚನ ಕೇಳಿಸುವ ಅವನ ಮನೆಯಲ್ಲೂ ಅವಳ ಓಣಿಯವರಿಗೆ ಚಹಾ ಲೋಟ ಬೇರೆಯೇ ಇತ್ತು. ಇಬ್ಬರ ಹೆಸರು ಒಟ್ಟಿಗೆ ಕೇಳಿಬಂದರೆ ಜನ ಆಡಿಕೊಳ್ಳುವುದು ಅವಳನ್ನೇ. ಆದರೆ ಸುಮ್ಮನಿದ್ದರೆ ಅವನು ಅಲ್ಲೇ ಉಳಿಯುತ್ತಾನೆ.

"ಉಂಡಿ ನಾ ಮಾಡೀನ್ರಿ, ಅಮ್ಮಾರ."

ಶರಣಬಸಮ್ಮನ ಹುಬ್ಬು ಏರಿ ಅಲ್ಲೇ ನಿಂತಿತು. "ಯಾರ ಮಗಳು ನೀ?"

"ರೈಲ್ವೆ ಗ್ಯಾಂಗ್‌ಮನ್ ರಾಮಲಿಂಗನ ಮಗಳ್ರಿ."

ಶರಣಬಸಮ್ಮ ಎದ್ದು ಹೋದಳು. ಎಲ್ಲ ಮುಗಿಯಿತೆಂದೇ ಲುಂಬಿನಿ ತಿಳಿದಳು. ಆದರೆ ಮರುದಿನ ಬೆಳಿಗ್ಗೆ ಸೆಂಟರಿನ ಬಾಗಿಲು ತೆಗೆಯುವ ಮುಂಚೆಯೇ ಶರಣಬಸಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಚಿತ್ತಾಪುರದ ನೋಟರಿ ಹನ್ನೊಂದಕ್ಕೆ ಬರುತ್ತಾರಂತೆ, ನಡಿ ಎಂದಳು. ಬಸ್ಸಿನಲ್ಲಿ ಇಬ್ಬರ ನಡುವೆ ಅವಳ ಕೈಚೀಲ ಕೂತಿತ್ತು.

ಲುಂಬಿನಿ ಬರೆದ ಕಾಗದದಲ್ಲಿದ್ದ ಕಾಶೀನಾಥ ಶಾಂತಪ್ಪ ಎಂಬ ಹೆಸರನ್ನು ನೋಟರಿ ಓದಿದರು, ಲುಂಬಿನಿ ರಾಮಲಿಂಗ ಎಂಬುದನ್ನೂ ಓದಿದರು. ಆಮೇಲೆ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ಒಂದು ಹಿಡಿ ಗಸಗಸೆ ಎಂದು ಓದುತ್ತ ನಕ್ಕುಬಿಟ್ಟರು. ಇದು ಅಫಿಡವಿಟ್ಟೋ ಅಡುಗೆ ಪುಸ್ತಕವೋ ಎಂದರು.

ಲುಂಬಿನಿ ತಲೆ ತಗ್ಗಿಸಿದಳು. ಶರಣಬಸಮ್ಮ ತಗ್ಗಿಸಲಿಲ್ಲ. "ಅಂಟು ಎಷ್ಟು ಹಾಕಿದಿ, ಅದೂ ಬರಿ. ಅರ್ಧಂಬರ್ಧ ಬರದ್ರ ಅಲ್ಲಿ ಜಡ್ಜ್ ನಂಬತಾನೇನು?"

ವಿಚಾರಣೆಯ ಹಿಂದಿನ ದಿನ ಮೇಡಂ ಆ ಕಾಗದ ಹಿಡಿದು ಮತ್ತೆ ಜೈಲಿಗೆ ಹೋದರು. ಹತ್ತು ನಿಮಿಷದ ಕರೆಗೆ ಅನುಮತಿ ಸಿಕ್ಕಿತ್ತು. ಸೆಂಟರಿನ ಮೇಜಿನ ಮೇಲೆ ಫೋನ್, ಎರಡು ಬದಿಗೆ ಇಬ್ಬರು ಹೆಂಗಸರು. ತಾಯಿ ಊಟ, ನಿದ್ದೆ ವಿಚಾರಿಸಿ ಫೋನನ್ನು ಲುಂಬಿನಿಯ ಕಡೆ ಸರಿಸಿದಳು.

"ನಿನ್ನ ಹೆಸರು ಯಾಕ ಬರದಿ?" ಅವನ ದನಿ ತೆಳ್ಳಗಾಗಿತ್ತು. "ನಾಳೆ ಊರಾಗ ನಿನಗ…"

"ಊರಾಗ ಎಲ್ಲಾರಿಗೂ ಗೊತ್ತಾಗ್ಯಾದರಿ. ಇನ್ನ ಒಪ್ಪಾಕ ನೀವೊಬ್ರೇ ಉಳದೀರಿ."

ಆಮೇಲೆ ಅವನು ಮೇಡಂ ಕಡೆ ತಿರುಗಿ, ತಾನು ಹೇಳಿದ್ದು ಸುಳ್ಳು, ಹೊಸದಾಗಿ ಹೇಳಿಕೆ ಕೊಡುತ್ತೇನೆ ಎಂದು ಹಿಂದಿಯಲ್ಲಿ ಹೇಳಿದ. ಉಂಡಿ ಮಾಡಿದ್ದು ಲುಂಬಿನಿ, ಒಳಗೇನಿದೆ ಎಂದು ತನಗೆ ತಿಳಿದಿರಲಿಲ್ಲ. ಲುಂಬಿನಿ ನಿಮಗೇನಾಗಬೇಕು, ನಾಳೆ ಅಲ್ಲಿ ಕೇಳುತ್ತಾರೆ ಎಂದರು ಮೇಡಂ.

ಅವನು ತಡವರಿಸಿದ. ಊರಿಗೆ ಮರಳಿದರೆ ತಾನು ಮದುವೆಯಾಗುವ ಹುಡುಗಿ ಎಂದ. ಆದರೆ ಅವಳನ್ನಿನ್ನೂ ಕೇಳಿಲ್ಲ ಎಂದೂ ಸೇರಿಸಿದ.

ವಾಡಿಯಲ್ಲಿ ಹಿಂದಿ ಯಾರಿಗೆ ತಿಳಿಯುವುದಿಲ್ಲ? ಲುಂಬಿನಿ ಮೆಲ್ಲಗೆ ಶರಣಬಸಮ್ಮನ ಮುಖ ನೋಡಿದಳು. ಶರಣಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಗೋಡೆ ಗಡಿಯಾರದ ಕಡೆ ಗದ್ದ ತೋರಿಸಿದಳು.

"ಏನ್ ಹೇಳ್ತಿ ಹೇಳವ್ವಾ. ಅಲ್ಲಿ ನಿಮಿಷ ಎಣಸಾಕತ್ತಾರ."

ಲುಂಬಿನಿ ಫೋನಿನ ಮೇಲೆ ಬಾಗಿದಳು.

"ಹಂಗೇ ಬರ್ಕೊಳ್ರಿ ಅಂತ ಮೇಡಂಗ ಹೇಳ್ರಿ."