ಪೇ-ಯುನ್ ಕೈಬಿಟ್ಟ ಒಂದು ಸಾಲು

"ಶುಭ ಶಕುನ ಅಂತ ಮೆಷಿನ್ ಮೇಲೆ ಹಸಿರು ಕುರುಕಲು ಪೊಟ್ಟಣ ಇಟ್ಟರೆ ಬಿಲ್ಡ್ ಆಗಿಬಿಡುತ್ತಾ? ಸ್ವಲ್ಪ ತಲೆನೂ ಓಡಿಸಬೇಕು, ಯೋ-ರೆನ್!"

ಪೇ-ಯುನ್ ಎಲ್ಲರೆದುರೇ ಅಂದುಬಿಟ್ಟಳು. ತೈಪೆಯ ಆ ಸಾಫ್ಟ್‌ವೇರ್ ಆಫೀಸೆಲ್ಲ ನಕ್ಕಿತು. ಹೊಸದಾಗಿ ಸೇರಿದ್ದ ಯೋ-ರೆನ್ ಕಿವಿಯವರೆಗೂ ಕೆಂಪಾದ.

"ತಪ್ಪಾಯ್ತು... ನೋಡ್ತೀನಿ."

ಅವನ ಪ್ರಾಜೆಕ್ಟ್ ಬೆಳಗಿನಿಂದ ಬಿಲ್ಡ್ ಆಗುತ್ತಿರಲಿಲ್ಲ, ಬರೆದ ಕೋಡೆಲ್ಲ ಜೋಡಣೆಯಾಗಿ ಓಡುವ ಪ್ರೋಗ್ರಾಂ ಆಗುತ್ತಿರಲಿಲ್ಲ. ಎಲ್ಲರ ಕೆಲಸವೂ ನಿಂತಿತ್ತು. "ಇವನನ್ನ ಖಾಯಂ ಮಾಡೋದು ಕಷ್ಟ," ಅಂತ ಮ್ಯಾನೇಜರ್ ಗೊಣಗಿದ್ದೂ ಆಯಿತು.

ಹುಡುಗ ಬುದ್ಧಿವಂತ ಅಂತ ಅವರ ಹತ್ತಿರ ಹೊಗಳಿದ್ದವಳು ಪೇ-ಯುನ್ನೇ. ಅದಕ್ಕೇ ಅವಳಿಗೆ ಇಷ್ಟು ಉರಿ. ದಿನಾ ಎಲ್ಲರಿಗೂ ಊಟದ ಡಬ್ಬಿ ತರಿಸುವವಳು, ಇವತ್ತು ಬೇಕಂತಲೇ ಅವನ ಹೆಸರು ಬಿಟ್ಟಳು.

"ಪಾಪ, ಅವನ ಡಬ್ಬಿ ಎಲ್ಲೇ?" ಅಂದಳು ಪಕ್ಕದ ಮೇ ಅಕ್ಕ.

"ಬಿಲ್ಡ್ ಆದ ಮೇಲೆ ತಿಂತಾನೆ ಬಿಡಕ್ಕ."

ಊಟವಾದ ಮೇಲೆ ಅವನ ತಪ್ಪು ಹಿಡಿಯಲೆಂದೇ ಕೂತಳು. ಯಾವ ಪ್ರಾಜೆಕ್ಟ್ ಯಾವುದನ್ನು ನೆಚ್ಚಿಕೊಂಡಿದೆ ಅಂತ ನೋಡುತ್ತಾ ಬಂದವಳ ಕೈ ನಿಂತಿತು.

ಅವನದು ಇವಳ ಪ್ರಾಜೆಕ್ಟನ್ನು ನೆಚ್ಚಿಕೊಂಡಿತ್ತು. ಇವಳದು ಬೇರೆಯವರು ಬರೆದಿಟ್ಟ ಒಂದು ಹಳೆಯ ಕೋಡ್ ಲೈಬ್ರರಿಯನ್ನು. ಆ ಲೈಬ್ರರಿ ಅವನಿಗೂ ಬೇಕಿತ್ತು, ಇವಳ ಮೂಲಕವೇ ಸಿಗುತ್ತಿತ್ತು. ನಿನ್ನೆ ಸಂಜೆ, ನನಗಿನ್ನು ಬೇಡ ಅಂತ ಇವಳು ಅದನ್ನು ಸೇರಿಸಿಕೊಳ್ಳುವ ಸಾಲನ್ನು ಅಳಿಸಿದ್ದಳು. ನನ್ನಿಂದ ಇನ್ಯಾರಿಗೆ ಹೋಗುತ್ತಿದೆ ಅಂತ ನೋಡಿರಲೇ ಇಲ್ಲ.

'ಅಯ್ಯೋ... ಕಿತ್ತವಳು ನಾನು, ಬೈಸಿಕೊಂಡವನು ಅವನು!'

ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಯಾರಿಗೂ ಗೊತ್ತಾಗದ ಹಾಗೆ ವಾಪಸ್ ಹಾಕಿಬಿಡಲಾ? ತಲೆ ಎತ್ತಿದಳು. ಯೋ-ರೆನ್ ಪೇಪರ್ ಲೋಟಕ್ಕೆ ಬಿಸಿನೀರು ಹಿಡಿದುಕೊಂಡು ಕುಡಿಯುತ್ತಿದ್ದ. ಬರೀ ನೀರು.

'ಅದೂ ನಾನೇ...'

ಎದ್ದು ನಿಂತಳು. "ಎಲ್ಲರೂ ಕೇಳಿ. ಬಿಲ್ಡ್ ಕೆಡಿಸಿದ್ದು ನಾನು. ಯೋ-ರೆನ್ ಅಲ್ಲ. ಮ್ಯಾನೇಜರ್, ಅವನ ಬಗ್ಗೆ ಅಂದಿದ್ದನ್ನ ವಾಪಸ್ ತಗೊಳ್ಳಿ."

ಈ ಸಲ ಯಾರೂ ನಗಲಿಲ್ಲ. ಮ್ಯಾನೇಜರ್ ಅವನತ್ತ ತಿರುಗಿ ತಲೆಬಾಗಿದರು.

ಅವಳು ಆ ಸಾಲನ್ನು ವಾಪಸ್ ಹಾಕಿ, ಕೆಳಗೆ ಓಡಿ ಹಂದಿಮಾಂಸ, ಮೊಟ್ಟೆ, ಅನ್ನದ ಡಬ್ಬಿ ತಂದು ಅವನ ಮುಂದಿಟ್ಟಳು.

"ನಿನ್ನ ಮುಖ ನೋಡೋಕೂ ನಾಚಿಕೆ ಆಗ್ತಿದೆ."

"ತಪ್ಪು ನನ್ನದೂ ಇದೆ. ಬೇಕಾದ್ದನ್ನ ನಾನೇ ನೇರವಾಗಿ ಕೇಳ್ಕೋಬೇಕಿತ್ತು. ನಿಮ್ಮ ಮೂಲಕ ಬರುತ್ತಲ್ಲ ಅಂತ ಸುಮ್ನಿದ್ದೆ. ಊಟದಲ್ಲೂ ಹಾಗೇ."

"ಇನ್ಮೇಲೆ ನೇರವಾಗಿ ಕೇಳು."

ಅವನು ಚಾಪ್‌ಸ್ಟಿಕ್ ಕೆಳಗಿಟ್ಟ. "ಕೇಳ್ಲಾ? ನನಗೆ ಬೇಕಿದ್ದು ಡಬ್ಬಿ ಅಲ್ಲ... ಅದನ್ನ ತರೋ ನೀವು."

ಪೇ-ಯುನ್ ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡಳು.

"ಅರ್ಧ ಅನ್ನ ಇತ್ತ ತಳ್ಳು. ನಿನ್ನ ಬಿಟ್ಟು ತಿಂದಿದ್ದು ನನಗೂ ಸೇರಲಿಲ್ಲ."