ಬಲಗಡೆಯಿಂದ ಓದುವ ಪುಟ

"ನಮ್ಮ ಗ್ರೂಪಿನ ಮಿಯೋ ಅಂದ್ರೆ ನವ್ಯಶ್ರೀ. ಡೌಟೇ ಇಲ್ಲ."

ಶುಕ್ರವಾರದ ಊಟದ ವಾಟ್ಸಾಪ್ ಗ್ರೂಪಿನಲ್ಲಿ ಹರ್ಷಿತ್ ಹಾಕಿದ ಈ ಸಾಲು ಓದಿದಾಗ ನವ್ಯಶ್ರೀ ಕುವೈತಿನ ಶರ್ಕ್‌ನಲ್ಲಿರುವ ತನ್ನ ಆಫೀಸಿನಲ್ಲಿ ಪ್ರಿಂಟರ್ ಮುಂದೆ ನಿಂತಿದ್ದಳು. ಸಾಲಿನ ಕೊನೆಗೊಂದು ಕೆಂಪು ಹೃದಯ ಬೇರೆ. ಅವಳ ಕಿವಿ ಬಿಸಿಯಾಯಿತು. ಕಾಗದಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದರೂ ಅವಳಿಗೆ ಅದರ ಪರಿವೆ ಇರಲಿಲ್ಲ.

ಮಿಯೋ ಯಾರೆಂದು ಆ ಗ್ರೂಪಿನ ಹದಿನಾಲ್ಕು ಜನರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ತಿಂಗಳ ಹಿಂದೆ ನವ್ಯಶ್ರೀಯೇ ಹರ್ಷಿತ್‌ಗೆ ಓದಲು ಕೊಟ್ಟ ಜಪಾನೀ ಕಾಮಿಕ್ಸಿನ ಪಾತ್ರ ಅದು. ಇಂಗ್ಲಿಷಿಗೆ ಬಂದ ಉದ್ದನೆಯ ಸರಣಿಯ ಮೊದಲ ಪುಸ್ತಕ, ಒಂದು ಸಣ್ಣ ಊಟದಂಗಡಿಯ ಕಥೆ. ಮಿಯೋ ಅಲ್ಲಿಗೆ ದಿನಾ ಬರುವ ಹುಡುಗಿ. ತಟ್ಟೆಯಲ್ಲಿ ಏನು ಹಾಕಿದರೂ ಕಣ್ಣು ಮುಚ್ಚಿ ಹೊಗಳುತ್ತಾಳೆ. ನಿಜವೆಂದರೆ ಅವಳಿಗೆ ರುಚಿಯೇ ತಿಳಿಯುವುದಿಲ್ಲ.

ನವ್ಯಶ್ರೀಗೂ ತಿಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದಿನ ಜ್ವರ ಅವಳ ಮೂಗಿನಿಂದ ವಾಸನೆಯನ್ನೆಲ್ಲ ಒಯ್ದಿತ್ತು. ನಾಲಿಗೆಗೆ ಉಪ್ಪು, ಹುಳಿ, ಸಿಹಿ ಗೊತ್ತಾಗುತ್ತಿತ್ತು, ಅಷ್ಟೆ. ಕೋಳಿಗೂ ಮೀನಿಗೂ ಮೆತ್ತಗೆ, ಗಟ್ಟಿ ಎಂಬ ವ್ಯತ್ಯಾಸ ಬಿಟ್ಟರೆ ಬೇರೆ ಉಳಿದಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಮೊದಲು ಅಯ್ಯೋ ಪಾಪ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ, ಆಮೇಲೆ ಹೇಳಲು ತಡವಾಗಿತ್ತು.

ತಡವಾಗಲು ಕಾರಣ ಹರ್ಷಿತ್. ಫಿಂಟಾಸ್‌ನ ಹೋಟೆಲೊಂದರಲ್ಲಿ ಅಡುಗೆ ಮಾಡುವವನು. ಶುಕ್ರವಾರ ಅಬು ಹಲೀಫಾದಲ್ಲಿ ಊರಿನವರನ್ನೆಲ್ಲ ಊಟಕ್ಕೆ ಸೇರಿಸುವ ವಾರಿಜಕ್ಕನ ಫ್ಲ್ಯಾಟಿಗೆ ಬಂದು, ರಜೆಯ ದಿನವೂ ಸೌಟು ಹಿಡಿಯುತ್ತಿದ್ದ. ಎಲ್ಲರಿಗೂ ಬಡಿಸಿದ ಮೇಲೆ ಅವಳ ಕುರ್ಚಿಯ ಪಕ್ಕ ನಿಂತು, ತಲೆ ಒಂದಿಷ್ಟು ವಾಲಿಸಿ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಕೇಳುತ್ತಿದ್ದ.

"ಹೇಗುಂಟು?"

ಆ ಹುಬ್ಬು, ಆ ಕಾಯುವ ಕಣ್ಣು. ಏನು ಹೇಳುವುದು? "ಊರಿನದ್ದೇ ರುಚಿ" ಅನ್ನುತ್ತಿದ್ದಳು. ಕುವೈತಿನಲ್ಲೇ ಹುಟ್ಟಿ ಬೆಳೆದು, ಶಾಲೆಯ ರಜೆಯಲ್ಲಷ್ಟೇ ಮಂಗಳೂರು ಕಂಡ ಹುಡುಗಿ ಕೊಟ್ಟ ಸರ್ಟಿಫಿಕೇಟು! ಅವನೋ ಅದನ್ನು ನಂಬಿ, ಕಿವಿಯವರೆಗೆ ನಗುತ್ತಾ ಅಡುಗೆಮನೆಗೆ ಹೋಗುತ್ತಿದ್ದ.

ಈಗ ಅವನಿಗೆ ಗೊತ್ತಾಗಿದೆ. ಕಾಮಿಕ್ಸ್ ಓದಿ ತನ್ನ ಗುಟ್ಟು ಹಿಡಿದಿದ್ದಾನೆ, ಉಳಿದವರಿಗೆ ಅರ್ಥವಾಗದಿದ್ದರೂ ಎಲ್ಲರೆದುರೇ ಹೃದಯದ ಚಿತ್ರ ಹಾಕಿ ಗೇಲಿ ಮಾಡಿದ್ದಾನೆ. ಹಾಗೆಂದು ನಂಬಿ ನವ್ಯಶ್ರೀ ಎರಡು ಶುಕ್ರವಾರ ತಲೆನೋವಿನ ನೆಪ ಹೇಳಿದಳು. ವಾರಿಜಕ್ಕ ಫೋನ್ ಮಾಡಿ, ಹುಡುಗ ಬಾಗಿಲು ನೋಡಿ ನೋಡಿ ಸಾರಿಗೆ ಎರಡು ಸಲ ಉಪ್ಪು ಹಾಕಿದನೆಂದು ದೂರಿದರು. ಬೇಸರವಾದದ್ದಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಅಡುಗೆಯವನಿಗೆ ವರ್ಷವಿಡೀ ಸುಳ್ಳು ಹೇಳಿದವಳು ತಾನು. ಅವನು ದೂರವಾಗುವುದಾದರೆ ಆಗಲಿ, ಸುಳ್ಳೊಂದು ಮುಗಿಯಲಿ ಅಂದುಕೊಂಡು ಮೂರನೆಯ ಶುಕ್ರವಾರ ಬೆಳಿಗ್ಗೆ ಅವನನ್ನು ಫಿಂಟಾಸ್‌ನ ಕಡಲಬದಿಗೆ ಕರೆದಳು.

ಅವನು ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್, ಇನ್ನೊಂದರಲ್ಲಿ ಅವಳ ಪುಸ್ತಕ ಹಿಡಿದು ಬಂದ. ಬೆಂಚಿನ ಮೇಲೆ ಕೂರುವ ಮೊದಲೇ ಅವಳು ಹೇಳಿಬಿಟ್ಟಳು.

"ನೀವು ಬರ್ದದ್ದು ಸರಿ. ನಂಗೆ ವಾಸನೆ ಗೊತ್ತಾಗುದಿಲ್ಲ, ರುಚಿನೂ ಇಲ್ಲ. ಎರಡು ವರ್ಷ ಆಯ್ತು. ನಾನು ಹೇಳಿದ್ದೆಲ್ಲ ಸುಳ್ಳು, ಹರ್ಷಿತ್."

ಅವನು ಬಿಟ್ಟ ಬಾಯಿ ಮುಚ್ಚಲಿಲ್ಲ. "ಎಂತ? ನಾನು ಎಂತ ಬರ್ದೆ?"

"ಮಿಯೋ ಅಂತ."

"ಮಿಯೋ ಒಳ್ಳೆಯವಳಲ್ವಾ?"

ಅವನು ಪುಸ್ತಕದ ಪಾತ್ರ ಪರಿಚಯದ ಪುಟ ತೆರೆದು ತೋರಿಸಿದ. ಮೇಲೆ ಸಾಲಾಗಿ ಐದು ಮುಖ, ಹೆಸರುಗಳ ಸಮೇತ. ಕೆಳಗೆ ಒಂದರ ಕೆಳಗೊಂದು ಐದು ಪರಿಚಯ, ಅದೇ ಕ್ರಮದಲ್ಲಿ. ಅವನ ಬೆರಳು ಎಡಗಡೆಯಿಂದ ಎಣಿಸುತ್ತಾ ಹೋಗಿ ಬಲತುದಿಯ ಮಿಯೋ ಮೇಲೆ ನಿಂತಿತು. ಐದನೆಯವಳು, ಆದ್ದರಿಂದ ಐದನೆಯ ಪರಿಚಯ: ಪಕ್ಕದಲ್ಲಿ ಕೂತರೆ ಸಾಕು, ಬರೀ ಅನ್ನವೂ ಹಬ್ಬದೂಟ.

ನವ್ಯಶ್ರೀ ಮುಖ ಮುಚ್ಚಿಕೊಂಡಳು. ಇಲ್ಲಿನ ಶಾಲೆಯಲ್ಲಿ ಅರಬಿ ಕಲಿತವಳಿಗೆ ಬಲದಿಂದ ಓದುವುದು ಹೇಳಿಕೊಡಬೇಕಾದ ಸಂಗತಿ ಅನ್ನಿಸಿಯೇ ಇರಲಿಲ್ಲ.

"ಜಪಾನೀ ಕಾಮಿಕ್ಸ್ ಬಲಗಡೆಯಿಂದ ಓದ್ಬೇಕು. ಮಿಯೋ ಮೊದಲ್ನೆಯವಳು. ನೀವು ಓದಿದ್ದು ಎಡತುದಿಯವರದ್ದು."

ಅವನು ಎಡತುದಿಯನ್ನು ನೋಡಿದ. ಅಲ್ಲಿದ್ದದ್ದು ಅಂಗಡಿಯ ಬೆಕ್ಕು.

ಈಗ ಕೆಂಪಾಗುವ ಸರದಿ ಅವನದು. ಪುಸ್ತಕ ಸೂಪರ್, ಒಂದೇ ಉಸಿರಿಗೆ ಓದಿದೆ ಎಂದು ಅವಳಿಗೆ ಹೇಳಿದ್ದ. ಓದಿದ್ದು ಈ ಪುಟ ಒಂದನ್ನೇ ಎಂದು ಈಗ ಒಪ್ಪಿಕೊಂಡ. ಹೋಟೆಲಿನ ಕೆಲಸ ಮುಗಿಸಿ ಬಂದರೆ ಅಕ್ಷರ ಕಂಡ ಕೂಡಲೇ ನಿದ್ದೆ ಬರುತ್ತದಂತೆ.

"ಒಂದು ಕೇಳ್ತೇನೆ," ಎಂದ ಅವನು, ಕಡಲನ್ನೇ ನೋಡುತ್ತಾ. "ಒಂದು ಶುಕ್ರವಾರ ಕೋಳಿ ಗಸಿಗೆ ಹಾಕಿದ ತೆಂಗಿನಕಾಯಿ ಕಮಟು ವಾಸನೆ ಬಂದಿತ್ತು. ನಂಗೆ ಶೀತ, ಗೊತ್ತಾಗ್ಲಿಲ್ಲ. ಎಲ್ರೂ ತಟ್ಟೆ ಬದಿಗೆ ಸರಿಸಿದ್ರು. ನೀವು ಮಾತ್ರ ಎರಡು ಸಲ ಹಾಕಿಸ್ಕೊಂಡ್ರಿ. ಅದನ್ನು ನಾನು ಪ್ರೀತಿ ಅಂತ ಅಂದ್ಕೊಂಡೆ."

ಇನ್ನೊಂದು ಸುಳ್ಳಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಹೂಂ ಅಂದಿದ್ದರೆ ಸಾಕಿತ್ತು.

"ವಾಸನೆ ಗೊತ್ತಾಗಿದ್ರೆ ನಾನೂ ಸರಿಸ್ತಿದ್ದೆ," ಎಂದಳು. "ಆದ್ರೆ ಎರಡನೇ ಸಲ ಹಾಕಿಸ್ಕೊಂಡದ್ದು ಹಸಿವಿಗಲ್ಲ. ನೀವು ಪುನಃ ಬಂದು ನನ್ನ ಪಕ್ಕ ನಿಂತ್ಕೊಳ್ಬೇಕು ಅಂತ."

ಅವನು ಕ್ಯಾರಿಯರ್ ಬಿಚ್ಚಿದ. ಕೋರಿ ರೊಟ್ಟಿಯ ಒಣ ಅಕ್ಕಿ ಹಾಳೆಗಳನ್ನು ಮುರಿದು ತಟ್ಟೆಗೆ ಹಾಕಿ, ಮೇಲೆ ಕೋಳಿ ಗಸಿ ಸುರಿದ. ಅವಳು ಬಗ್ಗಿ ಕಿವಿಗೊಟ್ಟಳು. ಗರಿಗರಿ ರೊಟ್ಟಿ ಸಾರು ಹೀರುವ ಚಿಟಿಚಿಟಿ ಸದ್ದು. ಇಷ್ಟು ದಿನ ಅವನ ಅಡುಗೆಯಲ್ಲಿ ಅವಳು ನಿಜವಾಗಿ ಸವಿದದ್ದು ಇದೊಂದನ್ನೇ.

"ಹೇಗುಂಟು?" ಈ ಸಲ ಕೇಳಿದವಳು ಅವಳು. "ನೀವೇ ಹೇಳಿ."

ಅವನು ತಟ್ಟೆಯನ್ನು ಮೂಗಿನ ಬಳಿ ಹಿಡಿದ. "ಕೊತ್ತಂಬರಿ ಸ್ವಲ್ಪ ಜಾಸ್ತಿ ಹುರಿದು ಹೋಗಿದೆ. ಬೆಳ್ಳುಳ್ಳಿ ಸರಿ ಉಂಟು. ಕಾಯಿ ಇವತ್ತು ಚೆನ್ನಾಗುಂಟು, ನವ್ಯಾ. ತಿನ್ನು."

ನೀವು ಎಂಬುದು ಎಲ್ಲಿ ಬಿಟ್ಟುಹೋಯಿತೆಂದು ಅವನಿಗೇ ತಿಳಿದಂತಿರಲಿಲ್ಲ. ಅವಳು ರೊಟ್ಟಿ ಮೆತ್ತಗಾಗುವ ಮೊದಲು ತಿನ್ನತೊಡಗಿದಳು. ಅವನು ಪುಸ್ತಕವನ್ನು ಮೊದಲಿನಿಂದ ಓದಲು ಹೊರಟು ಮತ್ತೆ ತಪ್ಪು ಕಡೆಯಿಂದ ತೆರೆದ. ಅವಳು ಎಡಗೈಯಿಂದ ಅವನ ಕೈ ಹಿಡಿದು ಪುಸ್ತಕ ತಿರುಗಿಸಿಕೊಟ್ಟಳು. ಕೈ ಹಿಂದಕ್ಕೆ ತೆಗೆಯಲಿಲ್ಲ.

"ಮಿಯೋ ಅಡುಗೆಯವನಿಗೆ ನಿಜ ಹೇಳ್ತಾಳಾ?" ಅವನು ಕೇಳಿದ.

"ಹನ್ನೊಂದನೇ ಪುಸ್ತಕದಲ್ಲಿ," ಎಂದಳು ನವ್ಯಶ್ರೀ. "ನಂಗೆ ಅಷ್ಟು ಕಾಯ್ಲಿಕ್ಕೆ ಆಗ್ಲಿಲ್ಲ."