ಮಾವನ ದನಿಗೊಂದು ಪ್ಲಗಿನ್

ತನ್ನ ಕಾಲವಾದ ಮೇಲೆ ಈ ರೆಕಾರ್ಡಿಂಗ್ ರೂಮು ಮಿಕ್ಸಿಗೇ ಎಂದು ಮಾವ ಬದುಕಿದ್ದಾಗ ಎಷ್ಟೋ ಸಲ ಹೇಳಿದ್ದರು. ಹೇಳಿದ್ದೆಲ್ಲ ಇವನೊಬ್ಬನ ಎದುರಿಗೆ. ಅದೂ, ಬಾಗಿಲು ಹಾಕಿದರೆ ಒಳಗಿನ ಕೆಮ್ಮು ಕೂಡ ಹೊರಗೆ ಕೇಳಿಸದಂಥ ಆ ರೂಮಿನಲ್ಲೇ. ಹಾಗಾಗಿ ಮಾವ ಕಣ್ಣು ಮುಚ್ಚಿದ ಮೇಲೆ ಆ ಮಾತಿಗೆ ಸಾಕ್ಷಿಯಾಗಿ ಉಳಿದದ್ದು ಗೋಡೆಗೆ ಅಂಟಿಸಿದ್ದ ಸ್ಪಂಜು ಮಾತ್ರ.

ಮಿಕ್ಸಿ ಎಂದರೆ ಇವನೇ. ಸೋದರಳಿಯನಿಗೆ ಆ ಹೆಸರು ಕಟ್ಟಿದವರೂ ಮಾವನೇ. ಆಯುಷ್ಯವಿಡೀ ರೇಡಿಯೊದಲ್ಲಿ ವಾರ್ತೆ ಓದಿ, ನಿವೃತ್ತರಾದ ಮೇಲೆ ಮನೆಯ ಹಿಂದಿನ ಗ್ಯಾರೇಜನ್ನೇ ರೆಕಾರ್ಡಿಂಗ್ ರೂಮು ಮಾಡಿಕೊಂಡಿದ್ದ ಆ ಮನುಷ್ಯನಿಗೆ, ಅಳಿಯ ಕಂಪ್ಯೂಟರಿನ ಮುಂದೆ ಕೂತು ಮಾಡುವ ಎಲೆಕ್ಟ್ರಾನಿಕ್ ಸಂಗೀತಕ್ಕೂ ಅಡುಗೆಮನೆಯ ಮಿಕ್ಸಿಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. "ರುಬ್ಬಿದ್ದು ಆಯ್ತೇನೋ?" ಎಂದು ಬಾಗಿಲಲ್ಲಿ ತಲೆ ಹಾಕುವರು. ಆಮೇಲೆ ಒಳಗೆ ಬಂದು, ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಇಡೀ ಹಾಡು ಕೇಳಿಯೇ ಎದ್ದು ಹೋಗುವರು. ಇವನ ಹಾಡನ್ನು ಕೊನೆಯತನಕ ಕೇಳುತ್ತಿದ್ದವರು ಜಗತ್ತಿನಲ್ಲಿ ಬಹುಶಃ ಅವರೊಬ್ಬರೇ.

ಮಾವನ ಒಬ್ಬಳೇ ಮಗಳು ಇವನಿಗಿಂತ ದೊಡ್ಡವಳು, ನಂಟಿನ ಲೆಕ್ಕದಲ್ಲಿ ಅತ್ತಿಗೆ. ಬೇರೆ ಊರಿನ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಅಪ್ಪನ ಶ್ವಾಸಕೋಶ ಕೈಕೊಟ್ಟಿತೆಂದು ತಿಳಿದ ಕೂಡಲೇ ಉದ್ದ ರಜೆ ಹಾಕಿ ಬಂದಳು. ಕೊನೆಯ ತಿಂಗಳುಗಳಲ್ಲಿ ಅಪ್ಪನ ಮಂಚದ ಪಕ್ಕದಲ್ಲೇ ನೆಲಕ್ಕೆ ಹಾಸಿಕೊಂಡು ಮಲಗಿದಳು. ತಿಥಿಯ ಗಡಿಬಿಡಿಯೆಲ್ಲ ಮುಗಿದ ಮೇಲೆ ಒಂದು ದಿನ ಇವನನ್ನು ಕೂರಿಸಿ ಹೇಳಿದಳು.

"ನಿನ್ನ ಸಾಮಾನೆಲ್ಲ ಮೆಲ್ಲಗೆ ತೆಗೀತಾ ಬಾರೋ. ಆ ರೂಮನ್ನ ಕೊರಿಯರ್‌ನವರಿಗೆ ಕೊಡೋಣ ಅಂತಿದೀನಿ."

"ಅತ್ತಿಗೆ, ಅದು ನನಗೇ ಅಂತ ಮಾವ ಹೇಳಿದ್ರು."

"ನನಗೆ ಹೇಳ್ಲಿಲ್ವಲ್ಲೋ. ಅಷ್ಟು ದಿನ ಪಕ್ಕದಲ್ಲೇ ಇದ್ದೆ. ಕೊರಿಯರ್ ವಿಷಯಾನೂ ಅವರ ಕಿವಿಗೆ ಹಾಕಿದ್ದೆ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಪ್ಪ ಒಂದೇ ಒಂದು ಸಲ ಅವರ ಬಾಯಿಂದ ಹೇಳಿದ್ದನ್ನ ನಾನು ಕೇಳಿದ್ದಿದ್ರೆ, ಬೀಗದ ಕೈ ಈಗ್ಲೇ ನಿನ್ನ ಕೈಗೆ ಹಾಕ್ತಿದ್ದೆ."

ಅವಳದು ಮೋಸದ ಮಾತಲ್ಲ. ಹೇಳಿದರೆ ಹೇಳಿದ ಹಾಗೆ ನಡೆಯುವ ಹೆಂಗಸು. ಇವನು ಆ ದಿನ ತಲೆ ಆಡಿಸಿ ಎದ್ದು ಬಂದ. ರೂಮಿನ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತ. ಈ ರೂಮು ಹೋದರೆ ಅವನಿಗೆ ಇನ್ನೊಂದು ಗತಿ ಇರಲಿಲ್ಲ. ಬಾಡಿಗೆಗಿದ್ದ ಮನೆಯ ಗೋಡೆಗಳು ಎಷ್ಟು ತೆಳುವೆಂದರೆ, ಸ್ಪೀಕರಿನಲ್ಲಿ ಸ್ವಲ್ಪ ದಪ್ಪ ಸದ್ದು ಎದ್ದರೂ ಮೇಲಿನವರು ಪೊರಕೆಯ ಹಿಡಿಯಿಂದ ನೆಲ ಕುಟ್ಟುತ್ತಿದ್ದರು. ಬೇರೆ ಕೆಲಸ ಗೊತ್ತಿಲ್ಲ, ಹೊಸದಾಗಿ ಕಲಿಯುವ ವಯಸ್ಸೂ ದಾಟಿತ್ತು. ನಿಜ ಹೇಳಿದರೂ ಯಾರೂ ನಂಬದಂಥ ಜಾಗದಲ್ಲಿ ತಾನು ಸಿಕ್ಕಿಕೊಂಡಿದ್ದೇನೆ ಎಂದು ಅವನಿಗೆ ಅನ್ನಿಸಿತು. ಆಗ ಅತ್ತಿಗೆಯ ಮಾತು ಮತ್ತೆ ನೆನಪಿಗೆ ಬಂತು. ಒಂದೇ ಒಂದು ಸಲ, ಅಪ್ಪನ ಬಾಯಿಂದ.

ಮಾವನ ಬಾಯಿ ಇವನ ಕಂಪ್ಯೂಟರಿನಲ್ಲೇ ಇತ್ತು. ರೇಡಿಯೊದ ಮನುಷ್ಯ ಪೆನ್ನು ಹಿಡಿಯುವ ಪೈಕಿಯಲ್ಲ. ಏನಿದ್ದರೂ ಅಂಗೈಯಗಲದ ಒಂದು ರೆಕಾರ್ಡರಿಗೆ ಹೇಳಿಡುತ್ತಿದ್ದರು. ಕರೆಂಟು ಹೋದದ್ದಕ್ಕೆ ಬೈದದ್ದು, ತರಬೇಕಾದ ಸಾಮಾನು, ಹಳೆಯ ಸಹೋದ್ಯೋಗಿಯ ಮೇಲಿನ ಸಿಟ್ಟು, ಎಲ್ಲವೂ ಅದರೊಳಗೆ. ತುಂಬಿದಾಗಲೆಲ್ಲ ಇವನೇ ಅದನ್ನು ಕಂಪ್ಯೂಟರಿಗೆ ಇಳಿಸಿ ಖಾಲಿ ಮಾಡಿಕೊಡುತ್ತಿದ್ದ. ಮಾವ ಹೋದ ಮೇಲೆ ಅತ್ತಿಗೆ ಆ ರೆಕಾರ್ಡರನ್ನೂ ಇವನಿಗೇ ಕೊಟ್ಟಿದ್ದಳು. "ನನಗೆ ಕೇಳೋ ಧೈರ್ಯ ಇಲ್ಲ ಕಣೋ, ನೀನಿಟ್ಕೋ" ಎಂದಿದ್ದಳು. ಹಾಸಿಗೆ ಹಿಡಿದ ಮೇಲೆ ಮಾವ ಅದಕ್ಕೆ ಏನನ್ನೂ ಹೇಳಿರಲಿಲ್ಲ. ಆದರೆ ಹೇಳಿರಲಿಲ್ಲ ಎಂಬುದು ಇವನಿಗೊಬ್ಬನಿಗೇ ಗೊತ್ತು. ಅವಳು ಔಷಧಿ ಅಂಗಡಿಗೆ ಹೋದ ಯಾವುದೋ ಮಧ್ಯಾಹ್ನ ಮುದುಕ ಗುಂಡಿ ಒತ್ತಿ ನಾಲ್ಕು ಮಾತು ಹೇಳಿಟ್ಟಿರಬಾರದೇಕೆ? ಕೊರಿಯರ್ ಮಾತು ಕಿವಿಗೆ ಬಿದ್ದದ್ದೇ ಹಾಸಿಗೆಯಲ್ಲಿದ್ದಾಗ; ಆದ್ದರಿಂದ ಉತ್ತರವೂ ಹಾಸಿಗೆಯಿಂದಲೇ ಬರಬೇಕು. ಇಷ್ಟು ಹೊಳೆದ ಮೇಲೆ ಉಳಿದದ್ದು ಬರೀ ಕೈಕೆಲಸ.

ಮೊದಲು ಮಾತುಗಳನ್ನು ಹೆಕ್ಕಿದ. 'ಆ ರೂಮು' ಎಂಬುದು ಗೆದ್ದಲು ಹಿಡಿದಿದೆ ಎಂದು ಗೊಣಗಿದ ಕಡೆ ಸಿಕ್ಕಿತು. 'ಮಿಕ್ಸಿ' ಬೇಕಾದಷ್ಟಿತ್ತು; ಮಗಳನ್ನು ಕರೆಯುವ 'ಪುಟ್ಟೀ', ಟೀ ಲೋಟದ ಜೊತೆಗಿನ 'ಅವನಿಗೆ ಕೊಡು' ಕೂಡ ಸಿಕ್ಕವು. 'ಇರಲಿ' ಎಂಬುದನ್ನು ಎರಡನೇ ಲೋಟ ಟೀ ಬೇಡವೆಂದಾಗಿನ ಮಾತಿನಿಂದ ತೆಗೆದ. 'ನಿನಗೇ' ಮಾತ್ರ ಬೈಗುಳದಿಂದ ಬಂತು. "ನಿನಗೇ ಹೇಳ್ತಿರೋದು, ಕಿವಿ ಕೇಳ್ಸಲ್ವಾ" ಎಂದು ಮಾವ ರೇಗಿದ್ದ ದಿನದ್ದು. ಆ ಒಂದು ಪದದೊಳಗಿನ ಸಿಟ್ಟನ್ನು ಇಳಿಸಿ ಅದಕ್ಕೆ ಪ್ರೀತಿ ಹಾಕಲು ಅವನಿಗೆ ಇಡೀ ಬೆಳಗ್ಗೆ ಹಿಡಿಯಿತು.

ಆಮೇಲೆ ಅವನಿಗೆ ಇಷ್ಟವಾದ ಕೆಲಸ, ಪ್ಲಗಿನ್ ಆರಿಸುವುದು. ಪ್ಲಗಿನ್ ಎಂದರೆ ಕಂಪ್ಯೂಟರಿನೊಳಗೇ ಕೂರುವ ಪುಟ್ಟ ಯಂತ್ರ; ಒಂದು ಕಡೆಯಿಂದ ಸದ್ದು ಬಿಟ್ಟರೆ ಇನ್ನೊಂದು ಕಡೆಯಿಂದ ಬೇರೆ ವೇಷ ಹಾಕಿ ಕಳಿಸುತ್ತದೆ. ಕೆಲವರು ಚಪ್ಪಲಿ ಕೂಡಿಹಾಕುವಂತೆ ಇವನು ಪ್ಲಗಿನ್ ಕೂಡಿಹಾಕಿದ್ದ. ಹಾಡು ಮುಗಿಸಿದ್ದು ಕಮ್ಮಿ, ಯಾವ ಹಾಡಿಗೆ ಯಾವ ಪ್ಲಗಿನ್ ಎಂದು ದಿನಗಟ್ಟಲೆ ತಿರುವಿಹಾಕಿದ್ದೇ ಹೆಚ್ಚು. "ಸೀರೆ ಅಂಗಡೀಲಿ ಕೂತ ಹಾಗೆ ಕೂತಿದೀಯಲ್ಲೋ, ಯಾವುದಾದ್ರೂ ಒಂದು ಉಟ್ಕೊಂಡು ಏಳು" ಎಂದು ಮಾವ ನಗುತ್ತಿದ್ದರು. ಈ ಸಲ ಮಾತ್ರ ಅವನು ತಡವರಿಸಲಿಲ್ಲ. ಬೇಕಾದದ್ದು ಏನೆಂದು ಇಷ್ಟು ಸ್ಪಷ್ಟವಾಗಿ ಅವನಿಗೆ ಹಿಂದೆಂದೂ ಗೊತ್ತಿದ್ದಿಲ್ಲ.

ಬೇರೆಬೇರೆ ವರ್ಷದ ಮಾತುಗಳ ಹಿಂದೆ ಬೇರೆಬೇರೆ ಗದ್ದಲ ಅಂಟಿಕೊಂಡಿತ್ತು. ಒಂದರ ಹಿಂದೆ ಬಸ್ಸು, ಇನ್ನೊಂದರ ಹಿಂದೆ ಕುಕ್ಕರು. ಅದನ್ನೆಲ್ಲ ತೊಳೆಯಲು ಒಂದು ಪ್ಲಗಿನ್. ರೇಡಿಯೊ ಗಂಟಲಿನ ಗತ್ತನ್ನು ಇಳಿಸಿ ರೋಗಿಯ ಗಂಟಲು ಮಾಡಲು ಈಕ್ವಲೈಜರ್. ಎದೆಯಿಂದ ಬರುವ ದಪ್ಪ ಸದ್ದನ್ನು ಅದರಲ್ಲಿ ಕತ್ತರಿಸಿದ. ಮಾತು ಅಲ್ಲಲ್ಲಿ ಸಣ್ಣಗೆ ನಡುಗಲು ಇನ್ನೊಂದು. ಅದರಲ್ಲಿ ಸಿಕ್ಕ ಮೊದಲ ನಡುಕ ನಾಟಕದ ಮುದುಕನಂತೆ ಕೇಳಿತು, ಎಸೆದ. ಎರಡನೆಯದು ಚಳಿಯಾದವನಂತೆ ಕೇಳಿತು, ಅದನ್ನೂ ಎಸೆದ. ಕೊನೆಗೆ ನೃತ್ಯದ ಹಾಡುಗಳಿಗೆಂದು ಇಟ್ಟುಕೊಂಡಿದ್ದ ಒಂದು ಪ್ಲಗಿನ್ನನ್ನೇ ತೀರಾ ಕಮ್ಮಿ ಮಾಡಿ ಹಾಕಿದಾಗ ಮಾವನೇ ಎದ್ದು ಬಂದಂತಾಗಿ ಇವನು ಕುರ್ಚಿಯಿಂದ ಎದ್ದುಬಿಟ್ಟ. ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತು ಬಂದ. ಸತ್ತವರ ಬಾಯಲ್ಲಿ ಮಾತು ತುರುಕುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಅವರು ಹೇಳಿದ್ದ ಮಾತನ್ನೇ ತಾನೆ ಹೇಳಿಸುತ್ತಿರುವುದು, ಇದರಲ್ಲಿ ಸುಳ್ಳೆಲ್ಲಿ ಬಂತು ಎಂದು ತನಗೆ ತಾನೇ ವಕಾಲತ್ತು ಮಾಡಿಕೊಂಡು ಮತ್ತೆ ಕೂತ.

ಇನ್ನು ಕೋಣೆ. ಸ್ಪಂಜಿನ ರೂಮಿನಲ್ಲಿ ಆಡಿದ ಮಾತಿಗೂ ಮಲಗುವ ಕೋಣೆಯಲ್ಲಿ ಆಡಿದ ಮಾತಿಗೂ ಸದ್ದಿನಲ್ಲಿ ವ್ಯತ್ಯಾಸವಿರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಪ್ಲಗಿನ್ನಿನ ಜೊತೆ ಬರುವ 'ಸಣ್ಣ ಕೋಣೆ' ಎಂಬ ಸಿದ್ಧ ಮಾಲನ್ನು ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಇವನಿಗೆ ಆ ಕೋಣೆಯೇ ಬೇಕಿತ್ತು. ಮಾವನ ಕನ್ನಡಕ ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂಬ ನೆಪ ಹೇಳಿ ಮನೆಗೆ ಹೋದ. ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡ. ರೆಕಾರ್ಡರನ್ನು ದಿಂಬಿನ ಪಕ್ಕ ಇಟ್ಟು, ಗುಂಡಿ ಒತ್ತಿ, ಮಾವನ ತಲೆ ಇರುತ್ತಿದ್ದ ಜಾಗದಲ್ಲಿ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಗೆ ಗೋಡೆ ಕೊಡುವ ಉತ್ತರವನ್ನು ಹಿಡಿದರೆ, ಯಾವ ಮಾತನ್ನಾದರೂ ಆ ಕೋಣೆಯೊಳಗೆ ಕೂರಿಸಬಲ್ಲ ಪ್ಲಗಿನ್ ಅವನ ಬಳಿ ಇತ್ತು.

"ಏನೋ ಅದು?" ಅಡುಗೆಮನೆಯಿಂದ ಅತ್ತಿಗೆ ಕೂಗಿದಳು.

"ಸೊಳ್ಳೆ, ಅತ್ತಿಗೆ!"

"ಸತ್ತಿತಾ?"

"ತಪ್ಪಿಸ್ಕೊಳ್ತು!"

ಆಮೇಲೆ ಅಲುಗಾಡದೆ ಕೂತು ಕೋಣೆಯ ಮೌನವನ್ನೂ ಹಿಡಿದುಕೊಂಡ. ಮಾತಿನ ನಡುವೆ ಪೂರ್ತಿ ಮೌನ ಬಂದರೆ ಕತ್ತರಿ ಆಡಿಸಿದ್ದು ಗೊತ್ತಾಗುತ್ತದೆ. ಕೋಣೆಯದೇ ಮೌನವನ್ನು ಅಡಿಯಲ್ಲಿ ಹಾಸಿದರೆ ಎಲ್ಲ ಹೊಲಿಗೆಯೂ ಮುಚ್ಚಿಹೋಗುತ್ತದೆ. ಗಡಿಯಾರದ ಟಿಕ್‌ಟಿಕ್, ಕಿಟಕಿಯ ಬಾಗಿಲು ಗಾಳಿಗೆ ಸಣ್ಣಗೆ ತಾಗುವ ಸದ್ದು, ದೂರದಲ್ಲಿ ಯಾರದೋ ಗೇಟು. ಖಾಲಿ ಮಂಚ ನೋಡುತ್ತಾ ಅವನಿಗೆ ದುಃಖ ಒತ್ತರಿಸಿ ಬಂತು. ಆದರೆ ಅತ್ತರೆ ರೆಕಾರ್ಡ್ ಆಗುತ್ತದೆಂದು ತುಟಿ ಕಚ್ಚಿ ಹಿಡಿದ.

ಎಲ್ಲ ಸೇರಿಸಿದ ಮೇಲೆ ಅದು ಚಿಕ್ಕದಾಗಿತ್ತು. ಚಿಕ್ಕದೇ ಇರಬೇಕು, ಉಸಿರಿಗೆ ಒದ್ದಾಡುವವರು ಭಾಷಣ ಮಾಡುವುದಿಲ್ಲ. ರೆಕಾರ್ಡರಿನ ತಾರೀಖನ್ನು ಹಿಂದಕ್ಕೆ ತಿರುಗಿಸಿ, ಅದನ್ನು ಅದರೊಳಕ್ಕೇ ಸೇರಿಸಿದ. ಮುದುಕರಿಗೆ ನಿಲ್ಲಿಸುವ ಗುಂಡಿ ಬೇಗ ಕೈಗೆ ಸಿಗುವುದಿಲ್ಲವಲ್ಲ ಎಂದು ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಬರೀ ಮೌನ ಓಡುವಂತೆ ಬಿಟ್ಟ. ಆ ಕೊನೆಯ ಮೌನದ ಬಗ್ಗೆ ಅವನಿಗೆ ವಿಶೇಷ ಹೆಮ್ಮೆಯಿತ್ತು. ಜೀವನದಲ್ಲಿ ಮೊದಲ ಸಲ ಒಂದು ಕೆಲಸವನ್ನು ತಡವರಿಸದೆ ಪೂರ್ತಿ ಮುಗಿಸಿದ್ದ. ಅದನ್ನು ಕೇಳಿಸಿ ಸೈ ಎನ್ನಿಸಿಕೊಳ್ಳಬೇಕೆಂದರೆ ಪಕ್ಕದ ಕುರ್ಚಿ ಖಾಲಿಯಿತ್ತು.

ಭಾನುವಾರ ಬೆಳಗ್ಗೆ ಮಾವನ ಮನೆಗೆ, ಅತ್ತಿಗೆಯ ಬಳಿ ಹೋದ. ರೆಕಾರ್ಡರನ್ನು ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದ.

"ಇಷ್ಟು ದಿನ ನನಗೂ ಕೇಳೋ ಧೈರ್ಯ ಇರ್ಲಿಲ್ಲ ಅತ್ತಿಗೆ. ನಿನ್ನೆ ಹಾಕಿ ನೋಡ್ದೆ. ನೀವೂ ಒಂದ್ಸಲ ಕೇಳಿ."

ಅವಳು ಕೈ ಒರೆಸಿಕೊಂಡು ಒಳಗಿನ ಕೋಣೆಗೆ ಬಂದು ಅಪ್ಪನ ಮಂಚದ ತುದಿಯಲ್ಲಿ ಕೂತಳು. ಇವನು ಗುಂಡಿ ಒತ್ತಿದ.

"ಮಿಕ್ಸಿ..." ಮಾವನ ದನಿ ಸೋತು ಬಂತು. "ಆ ರೂಮು... ನಿನಗೇ ಇರಲಿ. ಪುಟ್ಟೀ, ಅವನಿಗೆ ಕೊಡು."

ಪುಟ್ಟಿ ಎಂದದ್ದೇ ತಡ, ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು. ಇವನೂ ಅತ್ತ, ಅದು ನಾಟಕವಾಗಿರಲಿಲ್ಲ. ಇನ್ನೊಮ್ಮೆ ಹಾಕು ಎಂದಳು, ಹಾಕಿದ. ಕಣ್ಣೊರೆಸಿಕೊಂಡು ಎದ್ದು, ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದು ಅವನ ಅಂಗೈಗಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

"ಅಪ್ಪನ ಮಾತು ಅಂದ್ಮೇಲೆ ಮುಗೀತು. ಕೊರಿಯರ್‌ನವರಿಗೆ ಇವತ್ತೇ ಬೇಡ ಅಂತೀನಿ" ಎಂದಳು. "ಇನ್ನೊಂದೇ ಒಂದ್ಸಲ ಹಾಕೋ. ಆ ಪುಟ್ಟಿ ಅನ್ನೋದು ಕೇಳ್ಬೇಕು."

ಮೂರನೆಯ ಸಲ ಅವಳು ರೆಕಾರ್ಡರನ್ನು ಕೈಗೆ ತೆಗೆದುಕೊಂಡು ಕಿವಿಗೆ ಒತ್ತಿ ಹಿಡಿದಳು. ಮಾತು ಮುಗಿದರೂ ಕೆಳಗಿಳಿಸಲಿಲ್ಲ. ಅಪ್ಪ ಇನ್ನೇನಾದರೂ ಅಂದಾರೆಂಬ ಆಸೆಯಲ್ಲಿ ಆ ಕೊನೆಯ ಮೌನವನ್ನೂ ಪೂರ್ತಿ ಕೇಳಿದಳು. "ಎಷ್ಟು ನಿಶ್ಶಬ್ದ" ಎಂದಳು. ಆಮೇಲೆ ತಾನು ತಿಂಗಳುಗಟ್ಟಲೆ ಮಲಗಿದ್ದ ನೆಲದ ಕಡೆ, ಮಂಚದ ತಲೆಯ ಬಳಿಯ ಖಾಲಿ ಮೂಲೆಯ ಕಡೆ ನೋಡಿದಳು. ಅವಳ ಮುಖ ಮೆಲ್ಲಗೆ ಬದಲಾಯಿತು. "ಅಪ್ಪನ ಆಕ್ಸಿಜನ್ ಮಿಷನ್ ಎಲ್ಲೋ ಇದರಲ್ಲಿ? ಹಾಸಿಗೆ ಹಿಡಿದ ದಿನದಿಂದ ಗುಂಯ್ ಅಂತ ಇತ್ತು. ಹಗಲೂ ರಾತ್ರಿ, ಒಂದು ಗಳಿಗೆ ನಿಲ್ಲಿಸೋ ಹಾಗಿರಲಿಲ್ಲ." ಮಾವನನ್ನು ನೋಡಲು ಬಂದಾಗಲೆಲ್ಲ ಅವನು ಆ ಮಿಷನ್ನಿಗೆ ಮೊಣಕಾಲು ತಾಗಿಸಿಕೊಂಡೇ ಕೂತಿದ್ದ. ಆದರೆ ಗುಂಯ್‌ಗುಡುವ ಸದ್ದನ್ನು ತೊಳೆದು ಹಾಕುವುದೇ ಕಸುಬಾಗಿದ್ದ ಅವನ ಕಿವಿ ಕೂತ ಗಳಿಗೆಯಲ್ಲೇ ಅದನ್ನು ಕೇಳುವುದು ಬಿಟ್ಟುಬಿಡುತ್ತಿತ್ತು. ಅಷ್ಟು ಜತನದಿಂದ ಅವನು ಈ ಕೋಣೆಯಿಂದ ಹಿಡಿದುಕೊಂಡು ಹೋಗಿದ್ದು ಬಾಡಿಗೆಯ ಮಿಷನ್ ವಾಪಸು ಹೋದ ಮೇಲಿನ ಮೌನ. ಮಾವ ನಿಜವಾಗಿಯೂ ಹೇಳಿದ್ದ ಮಾತನ್ನು ಇನ್ನು ಯಾವ ಬಾಯಲ್ಲಿ ಹೇಳಿದರೂ ಈ ಹೆಂಗಸು ನಂಬುವ ಹಾಗಿರಲಿಲ್ಲ. ಅತ್ತಿಗೆ ರೆಕಾರ್ಡರನ್ನು ಮಂಚದ ಮೇಲಿಟ್ಟು, ಬೀಗದ ಕೈಗಾಗಿ ಅಂಗೈ ಚಾಚಿದಳು. ಬೈಯಲಿಲ್ಲ, ದನಿ ಕೂಡ ಏರಿಸಲಿಲ್ಲ. "ಮಿಷನ್ ನಿಂತದ್ದು ಅಪ್ಪನ ಉಸಿರು ನಿಂತ ಮೇಲೆ ಕಣೋ" ಎಂದಳು. "ಅವರು ಹೋದ ಮೇಲೆ ಮಾತಾಡಿದ್ರಾ?"